ಹಕ್ಕಿ ನೋಡಲು ಟಿಕಾಲ್‌ಗೆ ಹೋಗುವವರು ಸೂರ್ಯೋದಯದ ಟೂರ್ ತಗೋಬೇಡಿ

ಟಿಕಾಲ್ ಅಂದರೆ ಗ್ವಾಟೆಮಾಲದ ಕಾಡಿನೊಳಗಿರುವ, ಮಾಯಾ ಜನರ ಹಳೇ ಪಾಳು ನಗರ. ಅಲ್ಲಿಗೆ ಹೋಗಲು ಫ್ಲೋರೆಸ್ ಊರಿನಲ್ಲಿ ಏಜೆಂಟ್ ಒಬ್ಬ ‘ಎಲ್ಲಾ ಸೇರಿದೆ’ ಎಂದು ಹೇಳಿ ಸೂರ್ಯೋದಯದ ಟೂರ್‌ಗೆ ದುಡ್ಡು ತೆಗೆದುಕೊಂಡ. ರಾತ್ರಿ ಮೂರಕ್ಕೆ ವ್ಯಾನ್ ಹತ್ತಿದೆವು. ಗೇಟಿಗೆ ಬಂದಾಗಲೇ ಟಿಕೆಟ್ ಸೇರಿಲ್ಲವೆಂದು ಗೊತ್ತಾಗಿದ್ದು. ತಲೆಗೆ 150 ಕೆಟ್ಸಾಲ್ (ಅಲ್ಲಿನ ದುಡ್ಡು), ಬೆಳಗ್ಗೆ ಆರಕ್ಕಿಂತ ಮೊದಲು ಒಳಗೆ ಹೋಗಲು ಮತ್ತೆ 100. ಹೆಂಡತಿಯ ಪರ್ಸಿನಲ್ಲಿ ನೋಟುಗಳಿದ್ದವು, ಬಚಾವಾದೆವು. ನೀವು ಏನೇನು ಸೇರಿದೆ ಅಂತ ರಸೀದಿಯಲ್ಲೇ ಬರೆಸಿಕೊಳ್ಳಿ.

ಸೂರ್ಯೋದಯ ನೋಡಲು ಹತ್ತಿಸುವ ನಾಲ್ಕನೇ ಗುಡಿ ಸುಮಾರು 65 ಮೀಟರ್ ಎತ್ತರ. ಮರದ ಮೆಟ್ಟಿಲು ಹತ್ತಿ ಕೂತರೆ ಸುತ್ತಲೂ ಬರೀ ಮಂಜು. ಜೊತೆಗೆ ಐವತ್ತು ಜನ, ಚಿಪ್ಸ್ ಪೊಟ್ಟಣದ ಸದ್ದು. ಜನ ಸೇರಿದ ಕಡೆ ನನಗೆ ಹಕ್ಕಿ ನೋಡೋಕೆ ಆಗುವುದೇ ಇಲ್ಲ. ಕತ್ತಲಲ್ಲಿ ಹೌಲರ್ ಕೋತಿಗಳು ಅಬ್ಬರಿಸಿದ್ದು ಮಾತ್ರ ಈಗಲೂ ಕಿವಿಯಲ್ಲಿದೆ. ಮೊದಲ ಸಲ ಕೇಳಿದವರು ಹುಲಿ ಅಂದುಕೊಳ್ಳುತ್ತಾರೆ.

ಎರಡು ದಿನ ಬಿಟ್ಟು ಎಲ್ ರೆಮಾಟೆ ಹಳ್ಳಿಯಲ್ಲಿ ಉಳಿದು, ಆರಕ್ಕೆ ಗೇಟು ತೆರೆದಾಗ ಸಾಮಾನ್ಯ ಟಿಕೆಟಿನಲ್ಲೇ ಹೋದೆವು. ಹಕ್ಕಿ ಸಿಕ್ಕಿದ್ದು ಆವತ್ತು. ಪಾರ್ಕಿಂಗ್ ಜಾಗದ ಹುಲ್ಲಿನಲ್ಲೇ ಆಸೆಲೇಟೆಡ್ ಟರ್ಕಿ ಅನ್ನುವ ಕಾಡುಕೋಳಿಯಂಥ ದೊಡ್ಡ ಹಕ್ಕಿಗಳು ಮೇಯುತ್ತಿದ್ದವು. ನೀಲಿ ತಲೆ, ಅದರ ಮೇಲೆ ಕಿತ್ತಳೆ ಬಣ್ಣದ ಗಂಟುಗಳು, ಬಾಲದಲ್ಲಿ ನಮ್ಮ ನವಿಲಿನ ಹಾಗೆ ಕಣ್ಣುಗಳು. ಯುಕಟಾನ್ ಸೀಮೆ, ಬೆಲೀಜ್, ಉತ್ತರ ಗ್ವಾಟೆಮಾಲ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಇಲ್ಲಿ ಹತ್ತು ಹೆಜ್ಜೆ ದೂರದಲ್ಲಿ ಓಡಾಡುತ್ತದೆ! ದೊಡ್ಡ ಮರವೊಂದರಲ್ಲಿ ಒರೊಪೆಂಡೊಲ ಹಕ್ಕಿಗಳ ಗೂಡು, ಗೀಜಗನ ಗೂಡನ್ನೇ ಮೊಳಗಟ್ಟಲೆ ಉದ್ದ ಎಳೆದಂತೆ. ದಾಂಡೇಲಿಯ ಮಂಗಟ್ಟೆ ನೋಡಿದವರಿಗೆ ಇಲ್ಲಿನ ಟೂಕನ್ ಹಕ್ಕಿಯ ದೊಡ್ಡ ಕೊಕ್ಕು ಕಂಡರೆ ಖುಷಿಯಾಗುತ್ತದೆ, ಆದರೆ ಎರಡೂ ಬೇರೆ ಬೇರೆ ಕುಟುಂಬ.

ತಿಂಡಿಗೆ ಪಾರ್ಕಿಂಗ್ ಪಕ್ಕದ ತಗಡಿನ ಸೂರಿನ ಹೋಟೆಲ್‌ಗೆ ಹೋಗಿ. ಅಲ್ಲಿನ ಅಮ್ಮ ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ, ಕೈಯಲ್ಲೇ ತಟ್ಟಿ ಟೋರ್ಟಿಯ ಮಾಡುತ್ತಾರೆ. ಆ ತಟ್ಟುವ ಸದ್ದು ಕೇಳಿದರೆ ನಮ್ಮ ಕಡೆಯ ರೊಟ್ಟಿ ಮನೆ ನೆನಪಾಗುತ್ತದೆ. ಜೊತೆಗೆ ಕಪ್ಪು ಬೀನ್ಸ್, ಮೊಟ್ಟೆ, ಕರಿದ ಬಾಳೆಹಣ್ಣು, ಖಾರದ ಚಟ್ನಿ. ಮಾಂಸ ತಿನ್ನದವರು ‘ಸಿನ್ ಕಾರ್ನೆ’ ಎಂದರೆ ಸಾಕು. ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತಲೂ ಕೇಳಿ. ನಾನು ಮೂರು ಸಲ ರೊಟ್ಟಿ ಹಾಕಿಸಿಕೊಂಡೆ, ಅದಕ್ಕೆ ಜಾಸ್ತಿ ದುಡ್ಡು ತೆಗೆದುಕೊಳ್ಳಲಿಲ್ಲ.

ಹತ್ತು ಗಂಟೆಗೆ ದೊಡ್ಡ ಚೌಕಕ್ಕೆ ಟೂರ್ ಬಸ್ಸಿನವರು ತುಂಬಿಕೊಳ್ಳುತ್ತಾರೆ. ಅಷ್ಟರೊಳಗೆ ಅಲ್ಲಿಂದ ಹೊರಡಿ. ಇನ್ನೊಂದು ಮಾತು. ನೋಟಿನ ಮೇಲಿರುವ ಕೆಟ್ಸಾಲ್ ಹಕ್ಕಿಯನ್ನು ಟಿಕಾಲ್‌ನಲ್ಲಿ ಸುಮ್ನೆ ಹುಡುಕಬೇಡಿ. ಅದು ತಂಪಾದ ಬೆಟ್ಟದ ಕಾಡಿನದು. ಅದಕ್ಕೆ ಬಾಹಾ ವೆರಾಪಾಸ್ ಎಂಬ ಬೆಟ್ಟದ ಸೀಮೆಯ ಕಡೆ ಬೇರೆಯೇ ಎರಡು ದಿನ ಇಟ್ಟುಕೊಳ್ಳಿ.