ಅಲ್ಲಿ ನೀತಿ ಸಂಹಿತೆ ಇಲ್ವಾ?

2020ರ ಸೆಪ್ಟೆಂಬರ್ 18, ಶುಕ್ರವಾರ. ಅಮೆರಿಕದ ವರ್ಜೀನಿಯಾದಲ್ಲಿ ಅಧ್ಯಕ್ಷರ ಚುನಾವಣೆಗೆ ಮುಂಗಡ ಮತದಾನ ಶುರುವಾದ ದಿನ. ಪಕ್ಕದ ಮನೆಯ ಅಜ್ಜಿಯನ್ನು ಫೇರ್‌ಫ್ಯಾಕ್ಸ್ ಕೌಂಟಿ ಕಚೇರಿಗೆ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ನನಗೆ ವೋಟಿಲ್ಲ, ನನ್ನದು ಎಚ್-1ಬಿ ವೀಸಾ. ಸುಮ್ನೆ ಡ್ರೈವರ್ ಕೆಲಸ. ಕೋವಿಡ್ ಅಂತ ಆರಾರು ಅಡಿ ಬಿಟ್ಟು ನಿಂತಿದ್ದರಿಂದ ಸಾಲು ಇನ್ನೂ ಉದ್ದವಾಗಿತ್ತು. ಅಜ್ಜಿ ಮಡಚುವ ಕುರ್ಚಿ ತಂದಿದ್ದರು. ನಾಲ್ಕು ಹೆಜ್ಜೆ ಮುಂದೆ ಹೋಗುವುದು, ಕುರ್ಚಿ ಹಾಕುವುದು, ಕೂರುವುದು. ವೋಟು ಹಾಕಿ ಬಂದು ಎದೆ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡರು.

ಸಂಜೆ ಸುದ್ದಿ ಬಂತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು, 87 ವರ್ಷ.

ತಿಪಟೂರಿನಲ್ಲಿ ಆಗ ಶನಿವಾರ ಬೆಳಿಗ್ಗೆ. ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಅಪ್ಪ ಕಾಫಿ ಕುಡಿಯುತ್ತಾ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ವೋಟಿಂಗ್ ಶುರುವಾಗಿದೆ ಅಂತೀಯ. ಈಗ ಜಡ್ಜ್ ನೇಮಕ ಮಾಡ್ತಾರಾ? ಅಲ್ಲಿ ನೀತಿ ಸಂಹಿತೆ ಇಲ್ವೇನೋ?"

ಇಲ್ಲ. ನಮ್ಮಲ್ಲಾದರೆ ಚುನಾವಣೆ ಘೋಷಣೆಯಾದ ಮೇಲೆ ಒಂದು ಬೋರ್‌ವೆಲ್ ಉದ್ಘಾಟನೆಗೂ ತಡೆ. ಶಾಸಕರ ಹೆಸರಿದ್ದ ಕಲ್ಲಿಗೆ ಅಪ್ಪನೇ ಹಳೇ ಪೇಪರ್ ಅಂಟಿಸಿ ಮುಚ್ಚಿಸಿದ್ದುಂಟು. ಆದರೆ ನಮ್ಮಲ್ಲಿ ಜಡ್ಜ್ ಹೆಸರು ಸೂಚಿಸುವುದು ಕೊಲಿಜಿಯಂ, ಅಂದ್ರೆ ಹಿರಿಯ ಜಡ್ಜ್‌ಗಳ ಗುಂಪು; ಸುಪ್ರೀಂ ಕೋರ್ಟಿನಲ್ಲಿ 65ಕ್ಕೆ ನಿವೃತ್ತಿ. ಯಾವ ಕುರ್ಚಿ ಯಾವತ್ತು ಖಾಲಿ ಅಂತ ಮೊದಲೇ ಗೊತ್ತು. ಮಂಜೂರಾದ ಹುದ್ದೆ 34, ಹೆಚ್ಚಿನ ಕೇಸು ಇಬ್ಬರು ಮೂವರ ಪೀಠದಲ್ಲೇ ಮುಗಿಯುತ್ತವೆ. ಇಲ್ಲಿ ಇರುವುದೇ ಒಂಬತ್ತು ಜನ. ಒಂಬತ್ತೂ ಜನ ಒಟ್ಟಿಗೆ ಕೂರುತ್ತಾರೆ, ಅದೂ ಜೀವನಪೂರ್ತಿ. ಹೆಸರು ಸೂಚಿಸುವವರು ಅಧ್ಯಕ್ಷರು, ಒಪ್ಪುವುದು ಸಂಸತ್ತಿನ ಮೇಲ್ಮನೆ ಸೆನೆಟ್. ಐದು-ನಾಲ್ಕರಲ್ಲಿ ತೀರ್ಪು ಬರುವ ಕಡೆ ಒಂದು ಕುರ್ಚಿ ಅಂದ್ರೆ ಒಂದು ತಲೆಮಾರಿನ ಕಾನೂನು.

ಜಗಳಕ್ಕೆ ಹಳೇ ಬಾಕಿಯೂ ಇತ್ತು. 2016ರ ಫೆಬ್ರವರಿ 13ರಂದು ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡಾಗ ಚುನಾವಣೆಗೆ ಎಂಟು ತಿಂಗಳ ಮೇಲಿತ್ತು. ಅವತ್ತೇ ಸೆನೆಟ್‌ನ ಬಹುಮತದ ನಾಯಕ, ರಿಪಬ್ಲಿಕನ್ ಪಕ್ಷದ ಮಿಚ್ ಮೆಕಾನೆಲ್, ಜನರ ಮಾತು ಕೇಳಬೇಕು, ಹೊಸ ಅಧ್ಯಕ್ಷರು ಬರುವವರೆಗೆ ಈ ಜಾಗ ತುಂಬಬಾರದು ಅಂದರು. ಆಗ ಅಧ್ಯಕ್ಷರಾಗಿದ್ದ ಡೆಮಾಕ್ರಾಟ್ ಪಕ್ಷದ ಒಬಾಮಾ ಮಾರ್ಚ್ 16ಕ್ಕೆ ಮೆರಿಕ್ ಗಾರ್ಲಂಡ್ ಹೆಸರು ಕಳಿಸಿದರು. ವಿಚಾರಣೆಯೂ ಇಲ್ಲ, ಮತವೂ ಇಲ್ಲ. 293 ದಿನ ಕಡತ ಹಾಗೇ ಬಿದ್ದಿತ್ತು. ತಾಲ್ಲೂಕು ಕಚೇರಿಯವರನ್ನೂ ಮೀರಿಸಿದರು!

2020ರಲ್ಲಿ ಅದೇ ಮೆಕಾನೆಲ್, ಗಿನ್ಸ್‌ಬರ್ಗ್ ತೀರಿಕೊಂಡ ರಾತ್ರಿಯೇ ಟ್ರಂಪ್ ಸೂಚಿಸುವ ಹೆಸರನ್ನು ಮತಕ್ಕೆ ಹಾಕುತ್ತೇವೆ ಅಂದರು. ಈಗ ಸೆನೆಟ್ಟೂ ಅಧ್ಯಕ್ಷರೂ ಒಂದೇ ಪಕ್ಷ, ಆಗ ಬೇರೆ ಬೇರೆ, ಅದಕ್ಕೇ ವ್ಯತ್ಯಾಸ ಅನ್ನುವುದು ಅವರ ವಾದ. ತೆಗೆದುಹಾಕುವಂಥ ವಾದವೇನಲ್ಲ. ಆದರೆ 2016ರ ಆ ಮೊದಲ ದಿನದ ಹೇಳಿಕೆಯಲ್ಲಿ ಈ ಷರತ್ತು ಇರಲಿಲ್ಲ. ಮೆಕಾನೆಲ್ ಪಕ್ಷದವರೇ ಆದ ಸೆನೆಟರ್ ಲಿಂಡ್ಸೆ ಗ್ರಹಾಂ ಅಂತೂ 2016ರಲ್ಲಿ, ಮುಂದೆ ನಮ್ಮ ಪಕ್ಷದವರೇ ಅಧ್ಯಕ್ಷರಾಗಿದ್ದಾಗ ಹೀಗಾದರೆ ನನ್ನ ಮಾತನ್ನೇ ನನ್ನ ಮೇಲೆ ತಿರುಗಿಸಿ ಅಂದಿದ್ದರು. 2020ರಲ್ಲಿ ಟ್ರಂಪ್ ಸೂಚಿಸಿದ ಏಮಿ ಕೋನಿ ಬ್ಯಾರೆಟ್ ಅವರ ವಿಚಾರಣೆಗೆ ಅಧ್ಯಕ್ಷತೆ ವಹಿಸಿದ್ದು ಅವರೇ.

ಡೆಮಾಕ್ರಾಟರೂ ಸಾಚಾ ಅಲ್ಲ ಬಿಡಿ. 2016ರಲ್ಲಿ ಬೇಗ ತುಂಬಿ ಅಂದವರು 2020ರಲ್ಲಿ ಕಾಯಿರಿ ಅಂದರು. 1864ರಲ್ಲಿ ಜಡ್ಜ್ ಕುರ್ಚಿ ಖಾಲಿಯಾದಾಗ ಅಧ್ಯಕ್ಷ ಲಿಂಕನ್ ಚುನಾವಣೆ ಮುಗಿಯುವವರೆಗೆ ಕಾದರು ಅಂತ ಅವರ ಉಪಾಧ್ಯಕ್ಷ ಅಭ್ಯರ್ಥಿ ಕಮಲಾ ಹ್ಯಾರಿಸ್ ಚುನಾವಣಾ ಚರ್ಚೆಯಲ್ಲಿ ಹೇಳಿದರು. ಕಾದಿದ್ದು ನಿಜ, ಆದರೆ ಆಗ ಸೆನೆಟ್ ಅಧಿವೇಶನವೇ ನಡೆಯುತ್ತಿರಲಿಲ್ಲ.

ನನ್ನನ್ನು ಕೇಳಿದರೆ, ಕೊನೇ ದಿನದವರೆಗೂ ತುಂಬಬಹುದು ಅನ್ನುವುದು ಒಂದು ನ್ಯಾಯ. ಚುನಾವಣೆ ವರ್ಷ ಬೇಡ ಅನ್ನುವುದೂ ಒಂದು ನ್ಯಾಯ. ಸಂವಿಧಾನ ಎರಡನ್ನೂ ತಡೆಯುವುದಿಲ್ಲ. ಎರಡನ್ನೂ ಒಂದೇ ಕೈ ಬಳಸಿತಲ್ಲ, ಅದೇ ಬೇಜಾರು. ಅಪ್ಪ ಅದನ್ನೇ "ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ" ಅಂದು ಮುಗಿಸಿದರು.

ಅಕ್ಟೋಬರ್ 26ರ ರಾತ್ರಿ ಸೆನೆಟ್ ಮತದಾನದಲ್ಲಿ 52-48ರಲ್ಲಿ ಬ್ಯಾರೆಟ್ ಆಯ್ಕೆಯಾದರು. ಆಗ ಅವರಿಗೆ 48 ವರ್ಷ. ಚುನಾವಣೆಗೆ ಎಂಟು ದಿನ ಬಾಕಿ, ಅಷ್ಟರಲ್ಲಾಗಲೇ ಆರು ಕೋಟಿ ಜನ ಮತ ಹಾಕಿಯಾಗಿತ್ತು. ಮಾರನೇ ದಿನ ಕಸದ ಡಬ್ಬ ರಸ್ತೆಗಿಡುವಾಗ ಅಜ್ಜಿ ಸಿಕ್ಕರು. ಜಡ್ಜ್ ವಿಷಯ ಎತ್ತಿದೆ.

"ನಾನು ವೋಟು ಹಾಕಿ ಬಂದಾಗ ಅವರಿನ್ನೂ ಬದುಕಿದ್ದರು" ಅಂದರು.