340ನೇ ಸಾಲು

18 ಜನವರಿ 2025, ಶನಿವಾರ
ಕಲಬುರಗಿ

ಸಂಕ್ರಾಂತಿಯ ಸಜ್ಜಿ ರೊಟ್ಟಿ ಇನ್ನೂ ಮುಗಿದಿಲ್ಲ. ಮಧ್ಯಾಹ್ನ ಅಂಗಡಿಯಲ್ಲೇ ಶೇಂಗಾ ಹಿಂಡಿ ಹಚ್ಚಿಕೊಂಡು ಕಟಕಟ ಅಂತ ಮುರಿದು ತಿನ್ನುತ್ತಿದ್ದೆ. ಮುನೀಮ ಕಾಕಾ ಬಂದರು. ತೊಗರಿ ಸುಗ್ಗಿ ಇದು, ಈ ದಿನಗಳಲ್ಲಿ ಅವರು ಗಂಜ್ ಮಾರುಕಟ್ಟೆ ಬಿಟ್ಟು ಅಲುಗಾಡಿದ್ದನ್ನು ನಾನು ನೋಡಿಲ್ಲ. ಕೆಲಸ ಬಿಟ್ಟು ಎಷ್ಟೋ ವರ್ಷ ಆಯಿತು, ಆದರೂ ದಿನಾ ಹೋಗಿ ಧಾರಣಿ ಕೇಳಿಕೊಂಡು ಬರುತ್ತಾರೆ.

ಕಿಸೆಯಿಂದ ಒಂದು ಪೆನ್ ಡ್ರೈವ್ ತೆಗೆದರು. "ಯವ್ವಾ, ಇದು ತೆರೀತದೇನು ನೋಡು. ಇದ್ರಾಗ ನಾ ಬರ್ದಿದ್ದು ಒಂದು ಪ್ರೋಗ್ರಾಂ ಅದ. ಸೋಮವಾರ ಮೊಮ್ಮಗ ಬರ್ತಾನ. ನಮ್ಮ ಮುತ್ಯಾ ಪ್ರೋಗ್ರಾಂ ಬರೀತಿದ್ದ ಅಂದ್ರ ಅವ ನಂಬಲ್ಲ."

ಮೊಮ್ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾನೆ. ಕಾಕಾಗೆ ಬೇಕಾಗಿದ್ದು ಒಂದು ಪ್ರಿಂಟ್, ಅಷ್ಟೇ.

ಫೈಲಿನ ಹೆಸರು ಹಮಾಲಿ ಡಾಟ್ ಬಾಸ್. ನೋಡಿದ ಕೂಡಲೇ ಮೈ ಜುಂ ಅಂದಿತು. ಜಿಡಬ್ಲ್ಯೂ ಬೇಸಿಕ್! 1994ರಲ್ಲಿ ನಾನು ಕಲಿತದ್ದೂ ಅದೇ. ಬೇಸಿಕ್ ಅಂದರೆ ಪ್ರೋಗ್ರಾಂ ಬರೆಯುವ ಒಂದು ಭಾಷೆ. ಮೈಕ್ರೋಸಾಫ್ಟ್‌ನವರು ಡಾಸ್ ಜೊತೆ (ವಿಂಡೋಸ್‌ಗೆ ಮುಂಚೆ ಕಂಪ್ಯೂಟರ್ ನಡೆಸುತ್ತಿದ್ದ ತಂತ್ರಾಂಶ) ಸುಮ್ನೆ ಕೊಡುತ್ತಿದ್ದ ಬೇಸಿಕ್ ಅದು. 1991ರ ಡಾಸ್ 5ರಲ್ಲಿ ಅದರ ಜಾಗಕ್ಕೆ ಕ್ಯೂಬೇಸಿಕ್ ಬಂತು. ಆದರೆ ನಮ್ಮೂರಿಗೆ ಹೊಸದು ಬರೋದು ಯಾವಾಗಲೂ ತಡ, ಅಲ್ವಾ? ದಾಲ್ ಮಿಲ್ಲಿನ ಆಫೀಸಿನಲ್ಲಿ ಹಳೆಯ ಡಾಸೇ ಇತ್ತು. ಕಾಕಾ ರಾತ್ರಿ ಕೂತು ಕಲಿತು, 1992ರಲ್ಲಿ ಈ ಪ್ರೋಗ್ರಾಂ ಬರೆದರಂತೆ. ಅಳಿಯ ಅದನ್ನು ಫ್ಲಾಪಿಯಿಂದ ಸಿಡಿಗೆ, ಸಿಡಿಯಿಂದ ಪೆನ್ ಡ್ರೈವಿಗೆ ದಾಟಿಸಿಕೊಂಡು ಬಂದಿದ್ದಾನೆ.

ಹಳೇ ಡಾಸ್ ಪ್ರೋಗ್ರಾಂಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಜಿಡಬ್ಲ್ಯೂ ಬೇಸಿಕ್ ಹಾಕಿದೆ. 60300 ಬೈಟ್ಸ್ ಫ್ರೀ, ಕೆಳಗೆ ಓಕೆ. ಎಫ್2 ಒತ್ತಿದರೆ ಓಡಿತು. ಚೀಲ ಎಷ್ಟು ಅಂತ ಕೇಳಿತು. ಕಾಕಾ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆದರೆ ಬರೆದ ಸಾಲುಗಳನ್ನು ತೋರಿಸು ಅಂತ ಲಿಸ್ಟ್ ಕೊಟ್ಟರೆ "ಇಲ್ಲೀಗಲ್ ಫಂಕ್ಷನ್ ಕಾಲ್".

"ಕಾಕಾ, ಸೇವ್ ಮಾಡುವಾಗ ಕಾಮಾ ಪಿ ಹಾಕೀರಿ."

"ಹೌದು. ಸಾಹುಕಾರ್ರು ಯಾರಿಗೂ ಕಾಣಬಾರದು ಅಂದ್ರು."

ಹಾಗೆ ಬೀಗ ಹಾಕಿದರೆ ಪ್ರೋಗ್ರಾಂ ಓಡುತ್ತದೆ, ಒಳಗೆ ಏನಿದೆ ಅಂತ ಬರೆದವನಿಗೂ ತೋರಿಸುವುದಿಲ್ಲ. ಪುಣ್ಯಕ್ಕೆ ಈಗ ಪಿಸಿ ಬೇಸಿಕ್ ಅಂತ ಒಂದಿದೆ, ಜಿಡಬ್ಲ್ಯೂ ಬೇಸಿಕ್ ಥರಾನೇ ನಡೆದುಕೊಳ್ಳುವ ಉಚಿತ ತಂತ್ರಾಂಶ. ಅದು ಈ ಬೀಗಕ್ಕೆ ಕ್ಯಾರೇ ಅನ್ನುವುದಿಲ್ಲ. ಸಾಲುಗಳು ಸರಸರ ಇಳಿದವು. 10, 20, 30. ನಡುವೆ ಏನಾದರೂ ಮರೆತಿದ್ದರೆ ತುರುಕಲು ಜಾಗ ಇರಲಿ ಅಂತ ಹತ್ತತ್ತು ಬಿಟ್ಟು ಬರೆಯುತ್ತಿದ್ದೆವು. ಕಾಕಾ 55 ಅಂತಲೂ ಒಂದು ತುರುಕಿದ್ದಾರೆ, ಅಮವಾಸ್ಯೆ ರಜೆಗೆ! ನಕ್ಕೆವು.

1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ, ಕರ್ಟ್ಸ್ ಅನ್ನುವ ಇಬ್ಬರು ಮೇಷ್ಟ್ರು ಬೇಸಿಕ್ ಮಾಡಿದ್ದು ವಿಜ್ಞಾನ ಓದದ ಹುಡುಗರಿಗೂ ಕಂಪ್ಯೂಟರ್ ದಕ್ಕಲಿ ಅಂತ. ಕರ್ಟ್ಸ್ ಮೊನ್ನೆ ನವೆಂಬರಿನಲ್ಲಿ ತೀರಿಕೊಂಡರು, 96 ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿ ಖಾತೆ ಬರೆಯುತ್ತಿದ್ದ ಈ ಕಾಕಾನನ್ನು ಅವರು ನೋಡಬೇಕಿತ್ತು ಅನಿಸಿತು. ಅದನ್ನೇ ಹೇಳೋಣ ಅಂತ ತಿರುಗಿದೆ. ಕಾಕಾ ನಗುತ್ತಿರಲಿಲ್ಲ. ಪರದೆಯ ಮೇಲೆ ಬೆರಳಿಟ್ಟಿದ್ದರು.

340 ಎಚ್ = ಇಂಟ್(ಎಚ್)

ಎಚ್ ಅಂದರೆ ಒಬ್ಬ ಹಮಾಲನ ಆ ದಿನದ ಕೂಲಿ. ಇಂಟ್ ಅಂದರೆ ಚುಕ್ಕೆಯ ಮುಂದಿನದ್ದೆಲ್ಲ ಕತ್ತರಿಸು. ಚೀಲಕ್ಕೆ 1.35ರ ಹಾಗೆ 37 ಚೀಲ ಹೊತ್ತರೆ 49.95. ಕೈಗೆ ಸಿಗುವುದು 49.

"ಚಿಲ್ಲರೆ ಸಿಗ್ತಿರ್ಲಿಲ್ಲವ್ವಾ ಆಗ," ಅಂದರು.

ನಾನು ಏನೂ ಕೇಳಿರಲಿಲ್ಲ.

"ಚಿಲ್ಲರೆ ಎಲ್ಲಿಂದ ತರ್ತಿ, ರೂಪಾಯಿಗೆ ನಿಂದ್ರಸು ಅಂದ್ರು. ನಿಂದ್ರಸಿದೆ." ಸ್ವಲ್ಪ ಹೊತ್ತು ಬಿಟ್ಟು, "ಮ್ಯಾಲಿನ ರೂಪಾಯಿಗೂ ನಿಂದ್ರಸಬಹುದಿತ್ತು."

ತಲೆಯಲ್ಲಿ ಲೆಕ್ಕ ಓಡೇ ಓಡಿತು. ದಿನಕ್ಕೆ ತಲಾ ಐವತ್ತು ಪೈಸೆ ಅಂದರೂ ಹನ್ನೆರಡು ಮಂದಿ ಹಮಾಲರಿಗೆ ಆರು ರೂಪಾಯಿ. ತಿಂಗಳಿಗೆ, ವರ್ಷಕ್ಕೆ... ಬಾಯಿ ಬಿಡಲಿಲ್ಲ. ಚಹಾ ತರಿಸಿದೆ.

ಚಹಾ ಅರ್ಧ ಕುಡಿದು ಕಾಕಾ ಅಂದರು, "ಆ ಒಂದು ಸಾಲು ಬಿಟ್ಟು ಪ್ರಿಂಟ್ ಕೊಡ್ತಿಯೇನು?"

ಬೇಸಿಕ್‌ನಲ್ಲಿ ಅದಕ್ಕಿಂತ ಸುಲಭದ ಕೆಲಸ ಇಲ್ಲ. 340 ಅಂತ ಬರೆದು ಎಂಟರ್ ಒತ್ತಿದರೆ ಆ ಸಾಲು ಹೋಯಿತು. ಒತ್ತಿದೆ. ಹಳೇ ಚಟ ನೋಡಿ, ಪ್ರಿಂಟಿಗೆ ಮುಂಚೆ ಎಫ್2 ಕೂಡ ಒತ್ತಿದೆ. 37 ಚೀಲ ಕೊಟ್ಟೆ. ನಿಂತಿತು. ಅನ್‌ಡಿಫೈನ್ಡ್ ಲೈನ್ ನಂಬರ್ ಇನ್ 210.

"ಏನಂತದ?"

"210ರಿಂದ 340ಕ್ಕ ಹೋಗು ಅಂತ ನೀವೇ ಬರ್ದೀರಿ ಕಾಕಾ. 340 ಎಲ್ಲದ ಅಂತ ಕೇಳಲತ್ತದ."

ಅವರು ಎದ್ದರು. ಪ್ರಿಂಟ್ ಈಗ ಬ್ಯಾಡ, ನಾಳಿ ನೋಡಮು ಅಂದರು. ಚಪ್ಪಲಿ ಹುಡುಕುತ್ತಾ, ಆ ಹನ್ನೆರಡರಲ್ಲಿ ಇಬ್ಬರು ಇನ್ನೂ ಗಂಜಿನಲ್ಲೇ ಸಿಗುತ್ತಾರೆ, ಒಬ್ಬ ದಿನಾ ನನಗೆ ಶರಣು ಅಂತಾನ ಅಂದರು.

ಸಂಜೆ ಮದುವೆ ಕಾರ್ಡಿನ ಪ್ರೂಫ್ ತಪ್ಪಾಗಿ ಗಿರಾಕಿಯಿಂದ ಬೈಸಿಕೊಂಡೆ. ವರನ ಹೆಸರೇ ಬಿಟ್ಟಿದ್ದೆ. ತಲೆ ಎಲ್ಲಿತ್ತೋ.

ಈಗ ರಾತ್ರಿ ಹನ್ನೊಂದು. ಪೆನ್ ಡ್ರೈವ್ ನನ್ನ ಹತ್ತಿರವೇ ಇದೆ. ಮೂಲ ಫೈಲ್ ಹಾಗೇ ಇದೆ, ನಾನು ಅಳಿಸಿದ್ದು ನಕಲಿನಲ್ಲಿ. 340ರಲ್ಲಿ ಎಚ್ ಪಕ್ಕ ಒಂದು +.5 ಸೇರಿಸಿದರೆ ಸಾಕು, 49.95 ಐವತ್ತಾಗುತ್ತದೆ. ಪ್ರೋಗ್ರಾಂ ಓಡುತ್ತದೆ, ಮೊಮ್ಮಗನಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಕಾಕಾನನ್ನು ಕೇಳದೆ