ಅಡಿ ಕಾಣಿ: ಮಲ್ಪೆಯಿಂದ ತದಡಿಯವರೆಗೆ ಒಂದು ದೋಣಿಯ ಹುಡುಕಾಟ

ಮೇ ಮೊದಲ ವಾರದಲ್ಲಿ ನಮ್ಮ ಕರಾವಳಿಯ ನಾಡದೋಣಿಗಳು ಬಹುಪಾಲು ಮರಳಿನ ಮೇಲಿರುತ್ತವೆ. ಮಳೆಗಾಲದ ಮೀನುಗಾರಿಕೆಗೆ ಮುಂಚೆ ಅಡಿ ಕೆರೆದು, ಫೈಬರ್ ಹಚ್ಚಿ, ಬಣ್ಣ ಬಳಿಯುವ ಹೊತ್ತು ಅದು. ಹಳೆಯ ದೋಣಿ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ಅಡಿ ಕಣ್ಣಿಗೆ ಕಾಣುತ್ತದೆ. ಬಣ್ಣ ಬೀಳುವ ಮೊದಲೇ ತಲುಪಬೇಕು, ಅಷ್ಟೇ.

ಹುಡುಕಾಟ 22ರಿಂದ 24 ಅಡಿಯ ಫೈಬರ್ ದೋಣಿಗಾಗಿ. ಮೂರು ಜನ, ಒಂದೂವರೆ ಕ್ವಿಂಟಲ್ ಹಸಿ ಬಲೆ, ಎರಡು ಐಸ್ ಪೆಟ್ಟಿಗೆ ಹೊತ್ತು ದಡದಿಂದ ಐದಾರು ಕಿಲೋಮೀಟರ್ ಒಳಗೆ ಬಂಗುಡೆಗೆ ಗಿಲ್‌ನೆಟ್ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಬಿಟ್ಟು ಬರುವಂಥದ್ದು. ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿದು ಮಲ್ಪೆಯಿಂದ ತದಡಿಯವರೆಗೆ ಮೂವರು, ನಾಲ್ಕು ದಿನ. ಜೊತೆಗೆ ಒಂದು ಅಳತೆ ಟೇಪು, ಮೀನಿನ ದಾರದ ಉಂಡೆ, ಮರದ ಹಿಡಿಯ ಸಣ್ಣ ಸುತ್ತಿಗೆ, ಟಾರ್ಚು, ಸೀಮೆಸುಣ್ಣ.

ಮಲ್ಪೆ ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರು. ದೊಡ್ಡ ಬಲೆಯ ಪರ್ಸೀನ್ ಮತ್ತು ಟ್ರಾಲ್‌ಬೋಟುಗಳ ಆ ದಟ್ಟಣೆಯಲ್ಲಿ ಸಣ್ಣ ದೋಣಿ ಹುಡುಕುವವರು ಇಡೀ ದಿನ ಕಳೆಯಬೇಕಾಗಿಲ್ಲ. ಅಲ್ಲಿ ನಿಲ್ಲಬೇಕಾದದ್ದು ಎಂಜಿನ್ ಮೆಕ್ಯಾನಿಕ್‌ಗಳ ಮುಂದೆ. ನಾಡದೋಣಿಗೆ ಹಿಂಬದಿಗೆ ಹೊರಗಿನಿಂದ ಕಚ್ಚಿಸುವ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್‌ಗೆ ಯಾಕಿಷ್ಟು ಬೇಡಿಕೆ ಎಂಬುದಕ್ಕೆ ಕಾರಣ ಕಾನೂನಿನಲ್ಲಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳು ಕಡಲಿಗೆ ಇಳಿಯಬಹುದು. ಅದಕ್ಕಿಂತ ದೊಡ್ಡ ಎಂಜಿನ್ ಹಾಕಿಕೊಂಡವರು ನಾಡದೋಣಿಗೆ ಮೀನು ಸಿಗುವ ಆ ಎರಡು ತಿಂಗಳನ್ನೇ ಕಳೆದುಕೊಳ್ಳುತ್ತಾರೆ.

ಹಳೆಯ ಎಂಜಿನ್ ನೋಡುವಾಗ ಹಗ್ಗ ಎಳೆಯುವ ಮುಂಚೆ ಅದರ ತಲೆಯ ಮೇಲೆ ಕೈ ಇಡಬೇಕು. ಬೆಚ್ಚಗಿದ್ದರೆ ಮಾರುವವರು ಆಗಲೇ ಒಮ್ಮೆ ಓಡಿಸಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಿದ್ದಾಗ ಎಷ್ಟು ಎಳೆತಕ್ಕೆ ಹತ್ತುತ್ತದೆ ಎಂಬುದು ಇನ್ನು ತಿಳಿಯುವುದಿಲ್ಲ. ನೀರು ತುಂಬಿದ ಡ್ರಮ್ಮಿನಲ್ಲಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಐದು ನಿಮಿಷ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ಕನಿಷ್ಠ 20 ನಿಮಿಷ ಓಡಿಸಬೇಕು. ಪಕ್ಕದ ತೂತಿನಿಂದ ತಂಪು ನೀರಿನ ಧಾರೆ ಒಂದೇ ಸಮನೆ ಬರಬೇಕು. ಬಿಟ್ಟು ಬಿಟ್ಟು ಬಂದರೆ ಆ ನೀರನ್ನು ಎತ್ತುವ ಪಂಪಿನ ಚಕ್ರ, ಇಂಪೆಲ್ಲರ್, ಸವೆದಿರುತ್ತದೆ ಅಥವಾ ಒಳದಾರಿಯಲ್ಲಿ ಉಪ್ಪು ಕಟ್ಟಿರುತ್ತದೆ. ಮೊದಲನೆಯದು ಸುಲಭದ ರಿಪೇರಿ, ಎರಡನೆಯದು ಹಾಗಲ್ಲ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸದ ಮಾಲೀಕರ ಎಂಜಿನ್ ಬೇಡವೇ ಬೇಡ. ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಬೆಳಿಗ್ಗೆ ಹತ್ತುವುದಿಲ್ಲ, ಹತ್ತಿಸಲು ಹೋಗಿ ಪ್ಲಗ್ ಹಾಳಾಗುತ್ತದೆ. ಕೊನೆಗೆ ಕೆಳಗಿನ ಗೇರ್ ಪೆಟ್ಟಿಗೆಯ ಸ್ಕ್ರೂ ಸಡಿಲಿಸಿ ಎರಡು ಹನಿ ಎಣ್ಣೆ ಬೆರಳಿಗೆ ತೆಗೆದುಕೊಳ್ಳಬೇಕು. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ಒಳಗೆ ನೀರು ಸೇರಿದೆ. ಅಂದು ನೋಡಿದ ನಾಲ್ಕರಲ್ಲಿ ಎರಡರದ್ದು ಅದೇ ಬಣ್ಣ.

ಗಂಗೊಳ್ಳಿಗೆ ತಲುಪಿದ್ದು ಎರಡನೆಯ ದಿನ ಬೆಳಿಗ್ಗೆ. ಐದು ಹೊಳೆಗಳು ಒಂದಾಗಿ ಕಡಲು ಸೇರುವ ಊರದು. ಅಳಿವೆಯಲ್ಲಿ ಮರಳು ಕೂರುತ್ತದೆ, ತೆರೆ ಅಲ್ಲೇ ಒಡೆಯುತ್ತದೆ. ಅಂಥ ಕಡೆ ದಾಟುವ ದೋಣಿಗೆ ಮೂತಿ ಎತ್ತರವಿರಬೇಕು, ಹೊಳೆಯೊಳಗಿನ ಚಪ್ಪಟೆ ಅಡಿಯ ದೋಣಿ ಅಲ್ಲಿಗೆ ಸಲ್ಲದು. ದೋಣಿಯನ್ನು ಅದು ದಾಟಬೇಕಾದ ಅಳಿವೆ ನೋಡಿ ಆರಿಸಬೇಕು.

ಮರಳಿನ ಮೇಲೆ ಒಂದು ನೀಲಿ ದೋಣಿ ಇತ್ತು. 24 ಅಡಿ, ಹೊಸ ಬಣ್ಣ, ಅಂಚಿಗೆ ಕೆಂಪು ಪಟ್ಟಿ, ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಬೇರೊಂದು ದೋಣಿಗೆ ಫೈಬರ್ ಹಚ್ಚುತ್ತಿದ್ದ ಹಿರಿಯರೊಬ್ಬರು ನಾವು ಅದರ ಸುತ್ತ ತಿರುಗುವುದನ್ನು ಸ್ವಲ್ಪ ಹೊತ್ತು ನೋಡಿ, ಬ್ರಷ್ ಕೆಳಗಿಟ್ಟರು.

“ಹ್ವಾಯ್, ಬಣ್ಣ ಕಂಡ್ಕಂಡ್ ದೋಣಿ ತಕಂಬುಕಾಗ. ಅಡಿ ಕಾಣಿ.”

ಮಗುಚಿ ತೋರಿಸಬಹುದೇ ಎಂದು ಕೇಳಿದಾಗ ಮಾಲೀಕರು ಒಪ್ಪಿದರು. ಈ ಅಳತೆಯ ಬರಿದೋಣಿಯನ್ನು ಎಂಟು ಜನ ಸೇರಿ ಪಕ್ಕಕ್ಕೆ ಉರುಳಿಸಿ ಮಗುಚಬಹುದು. ಇದಕ್ಕೆ ಎಂಟು ಜನ ಸಾಲಲಿಲ್ಲ, ಹತ್ತೂ ಸಾಲಲಿಲ್ಲ, ಹನ್ನೆರಡನೆಯವರು ಕೈ ಹಾಕಿದ ಮೇಲೆ ಉರುಳಿತು. ಆ ಹಿರಿಯರು ಅಷ್ಟರಲ್ಲೇ ತಲೆ ಅಲ್ಲಾಡಿಸಿದ್ದರು. ದೋಣಿ ಮುಳುಗದಿರಲಿ ಎಂದು ಕೂರುವ ಹಲಗೆಗಳ ಕೆಳಗಿನ ಕೋಣೆಗಳಿಗೆ ಫೋಮ್ ತುಂಬಿರುತ್ತಾರೆ. ಕೋಣೆಯಲ್ಲಿ ಎಲ್ಲಾದರೂ ಬಿರುಕು ಬಿಟ್ಟರೆ ಫೋಮ್ ವರ್ಷಗಟ್ಟಲೆ ನೀರು ಹೀರಿಕೊಂಡು ಕೂರುತ್ತದೆ, ಬಿಸಿಲಿಗಿಟ್ಟರೂ ಒಣಗುವುದಿಲ್ಲ. ಆ ಭಾರವನ್ನು ಪ್ರತಿದಿನ ಎಂಜಿನ್ ಎಳೆಯುತ್ತದೆ, ಸೀಮೆಎಣ್ಣೆಯ ಲೆಕ್ಕ ಏರುತ್ತದೆ, ತೇಲಿಸಬೇಕಾದ ವಸ್ತುವೇ ಮುಳುಗಿಸುವ ಭಾರವಾಗುತ್ತದೆ.

ಮಗುಚಿದ ಮೇಲೆ ಅಡಿಯ ನಡುವೆ ಮೂತಿಯಿಂದ ಹಿಂಬದಿಯವರೆಗೆ ಓಡುವ ಏಣಿನ ಎರಡು ತುದಿಗೆ ದಾರ ಬಿಗಿದೆವು. ಏಣು ನೇರವಾಗಿರಬೇಕಾದ ಭಾಗದಲ್ಲಿ ದಾರಕ್ಕೂ ಅದಕ್ಕೂ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಸಂದು ಕಂಡರೆ ದೋಣಿ ಬಾಗಿದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ನಂತರ ಸುತ್ತಿಗೆಯ ಮರದ ಹಿಡಿಯಿಂದ ಗೇಣಿಗೊಂದರಂತೆ ತಟ್ಟುತ್ತ ಹೋಗಬೇಕು. ಗಟ್ಟಿ ಫೈಬರ್ ‘ಟಕ್’ ಎನ್ನುತ್ತದೆ. ಪದರ ಬಿಟ್ಟ ಕಡೆ ‘ಬೊದ್’ ಎನ್ನುತ್ತದೆ, ಹಣ್ಣಾದ ಹಲಸನ್ನು ತಟ್ಟಿದ ಹಾಗೆ. ‘ಬೊದ್’ ಎಂದ ಕಡೆಯೆಲ್ಲ ಸೀಮೆಸುಣ್ಣದ ಗುರುತು. ನೀಲಿ ದೋಣಿಯ ಬಲಮಗ್ಗುಲಲ್ಲಿ ಅಂಗೈ ಅಗಲದ ಐದು ಗುರುತು ಬಿದ್ದವು. ಒಂದು ಕಡೆ ಬಣ್ಣದ ಕೆಳಗೆ ಬಟಾಣಿ ಗಾತ್ರದ ಗುಳ್ಳೆಗಳಿದ್ದವು. ಹಿರಿಯರು ಮೊಳೆಯ ತುದಿಯಿಂದ ಒಂದನ್ನು ಒಡೆದು ಮೂಗಿಗೆ ಹಿಡಿದರು, ನಮಗೂ ಹಿಡಿದರು. ವಿನಿಗರ್ ವಾಸನೆ. ಜೆಲ್‌ಕೋಟ್ ಎಂಬ ಹೊರಪದರ ದಾಟಿದ ನೀರು, ಫೈಬರ್ ನೂಲನ್ನು ಹಿಡಿದಿಡುವ ರೆಸಿನ್ ಜೊತೆ ಸೇರಿ ಹುಳಿಯುವುದರಿಂದ ಹಾಗಾಗುತ್ತದೆ. ಮೇಲಕ್ಕೆಳೆದು ತಿಂಗಳುಗಟ್ಟಲೆ ಒಣಗಿದ ದೋಣಿಯಲ್ಲಿ ಈ ಗುಳ್ಳೆಗಳು ಬತ್ತಿ ಮಾಯವಾಗುತ್ತವೆ. ಆದ್ದರಿಂದ ನೀರಿನಿಂದ ಮೇಲೆ ಬಂದ ದಿನವೇ ಅಡಿ ನೋಡಲು ಸಿಕ್ಕರೆ ಅದು ಅದೃಷ್ಟ.

ಆದರೂ ಬೇಡವೆಂದು ತೀರ್ಮಾನವಾದದ್ದು ಹಿಂಬದಿಯ ಹಲಗೆಯಲ್ಲಿ. ಎಂಜಿನ್ ಕಚ್ಚಿಸುವ ಆ ಹಲಗೆ ಹೊರಗಿನಿಂದ ಬರೀ ಫೈಬರಿನಂತೆ ಕಂಡರೂ ಒಳಗೆ ಪ್ಲೈವುಡ್ ಇರುತ್ತದೆ. ಸುಮಾರು 40 ಕಿಲೋ ತೂಕದ ಎಂಜಿನ್ ನೇತಾಡುವುದೂ, ದೋಣಿಯನ್ನು ನೂಕುವುದೂ ಆ ಒಂದು ಹಲಗೆಯ ಬಲದಲ್ಲಿ. ಮಾಲೀಕರನ್ನು ಕೇಳಿಕೊಂಡು, ಒಳಗಡೆಯಿಂದ, ಕೆಳ ಮೂಲೆಯಲ್ಲಿ 6 ಮಿಲಿಮೀಟರ್ ಬಿಟ್ಟಿನಿಂದ ಹಿರಿಯರು ಕೈಡ್ರಿಲ್ ತಿರುಗಿಸಿದರು. ಮೊದಲು ಬಿಳಿಯ ಫೈಬರ್ ಪುಡಿ ಬಂತು. ಆಮೇಲೆ ಕಪ್ಪುಗಂದು, ಒದ್ದೆ. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಂಡಿದಾಗ ನೀರು ಉಗುರಿನ ಅಂಚಿಗೆ ಹನಿಯಾಗಿ ನಿಂತಿತು.

“ಇದ್ ಹಲ್ಗಿ ಅಲ್ಲ ಮಾರ್ರೆ, ಚಾಯ ಪುಡಿ.”

ನೀರಿನೊಳಗೆ ಇರುವ ಭಾಗ ಕೊಳೆತದ್ದಲ್ಲವೇ, ಅಡಿಯಿಂದ ಸೋರಿರಬೇಕಲ್ಲವೇ ಎಂದು ಕೇಳಿದೆವು. ಅದಕ್ಕೆ ಅವರು ಎದ್ದು ನಿಂತು ಹಲಗೆಯ ನೆತ್ತಿಯನ್ನು ಬೆರಳಿನಿಂದ ಒರೆಸಿದರು.

“ನೀರ್ ಕೆಳಗಿಂದ ಬತ್ತಿಲ್ಲೆ, ಮೇಲಿಂದ ಬತ್ತ್.”

ಮುಂದಿನ ಒಂದು ಗಂಟೆ ನಾವು ಅಲ್ಲಿಂದ ಕದಲಲಿಲ್ಲ. ಅವರು ತೋರಿಸಿದ್ದು ಇಷ್ಟು. ಎಂಜಿನ್ನಿನ ಎರಡು ಕಚ್ಚುವ ಸ್ಕ್ರೂಗಳು ದಿನವೂ ಬಿಗಿದು ಬಿಗಿದು ಒಂದೇ ಜಾಗದ ಫೈಬರನ್ನು ಅರೆದು ಬಿಡುತ್ತವೆ. ಆ ತಗ್ಗಿನಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಮಳೆನೀರು, ಬಲೆಯ ನೀರು ಅಲ್ಲಿಂದ ಇಳಿದು ಪ್ಲೈವುಡ್ ಸೇರುತ್ತದೆ, ಇಳಿದದ್ದು ತಳ ಮೂಲೆಯಲ್ಲಿ ನಿಲ್ಲುತ್ತದೆ, ಹೀಗಾಗಿ ಕೊಳೆಯುವುದು ಕೆಳಗೆ, ಗಾಯ ಇರುವುದು ಮೇಲೆ. ಎರಡನೆಯ ದಾರಿ ದೋಣಿಯೊಳಗಿನ ನೀರು ಬಿಡುವ ತೂತು. ಹಲಗೆಯನ್ನು ಕೊರೆದು ಬಿರಡೆ ಹಾಕಿ ಬಿಡುತ್ತಾರೆ, ತೂತಿನ ಒಳಗೋಡೆಗೆ ರೆಸಿನ್ ಬಳಿಯುವುದಿಲ್ಲ. ಬೋಳು ಪ್ಲೈವುಡ್ಡಿನ ಅಂಚು ವರ್ಷವಿಡೀ ನೀರು ಕುಡಿಯುತ್ತದೆ. ಅವರು ಮಾಡುವ ಪರಿಹಾರವೂ ಸರಳ: ನೆತ್ತಿಗೆ ಎರಡು ಪದರ ಮ್ಯಾಟ್ (ಫೈಬರ್ ನೂಲಿನ ಹಾಸು) ಮಡಚಿ ಹಾಕಿ, ಸ್ಕ್ರೂ ಕಚ್ಚುವ ಕಡೆ ಎರಡೂ ಬದಿಗೆ ಅಲ್ಯುಮಿನಿಯಂ ತಗಡು ಕೂರಿಸಿ, ಪ್ರತಿ ಬೋಲ್ಟಿನ ತೂತಿಗೂ ಸೀಲೆಂಟ್ ತುಂಬಿ ಬಿಗಿಯುವುದು. ಕೊಳೆತ ಮೇಲೆ ಮಾತ್ರ ತೇಪೆ ಹಾಕಬಾರದು, ಪೂರ್ತಿ ಹಲಗೆ ಕತ್ತರಿಸಿ ತೆಗೆದು ಮರೈನ್ ಪ್ಲೈವುಡ್ ಹಾಕಬೇಕು. ಮನೆಯ ಕಪಾಟಿಗೆ ಹಾಕುವ ಪ್ಲೈವುಡ್ ಹಾಕಿದರೆ ಮತ್ತೆ ಅದೇ ಕತೆ.

ಡ್ರಿಲ್ ಮಾಡಿದ ತೂತಿಗೆ ಅವರೇ ರೆಸಿನ್ ಪೇಸ್ಟು ತುಂಬಿ ಮುಚ್ಚಿದರು. ಮಾಲೀಕರು ಮುಖ ಕೆಡಿಸಿಕೊಳ್ಳಲಿಲ್ಲ. ಅವರಿಗೂ ಒಳಗಿನ ಸ್ಥಿತಿ ತಿಳಿದದ್ದು ಅಂದೇ.

ಇಪ್ಪತ್ತು ಹೆಜ್ಜೆ ಆಚೆ ಬಣ್ಣ ಹಾರಿಹೋದ, 23 ಅಡಿಯ ಹಳದಿ ದೋಣಿಯೊಂದು ಮಗುಚಿಕೊಂಡು ಬಿದ್ದಿತ್ತು. ಏಣಿನ ಉದ್ದಕ್ಕೂ ಫೈಬರ್ ನೂಲು ಎದ್ದು ಹಳೆ ಗೋಣಿಯ ಹಾಗಾಗಿತ್ತು. ದಿನವೂ ಮರಳಿನ ಮೇಲೆ ಎಳೆದರೆ ಆಗುವ ಸವೆತ ಅದು. ತಟ್ಟಿದರೆ ಎಲ್ಲ ಕಡೆ ‘ಟಕ್’. ಹಿರಿಯರು ಅದರ ಕಡೆ ಕೈ ತೋರಿಸಿ, ಹೊರಗೆ ಕಾಣುವ ಸವೆತಕ್ಕೆ ಹೆದರಬೇಡಿ ಎಂದರು. ಕುರೂಪವಾಗಿತ್ತು, ನಿಜ. ಇನ್ನೂ ನೋಡೋಣ ಎಂದು ಮುಂದೆ ಹೊರಟೆವು.

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಎಲ್ಲರೂ ಫೋಟೋ ತೆಗೆಯುವ ಜಾಗ. ಉಪ್ಪುಂದ, ಭಟ್ಕಳ ದಾಟಿ ಸಂಜೆಗೆ ಶರಾವತಿ.

ಹೊನ್ನಾವರದ ಆಸುಪಾಸಿನ ಒಂದು ಊರಿನಲ್ಲಿ ಆದದ್ದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ದೋಣಿ ಚೆನ್ನಾಗಿತ್ತು, ಎಂಜಿನ್ ಸಹಿತ ಬೆಲೆಯೂ ಸರಿಯಿತ್ತು, ನಾಳೆ ಬೇರೆಯವರು ಬರುತ್ತಾರೆ ಎಂದದ್ದಕ್ಕೆ ಹತ್ತು ಸಾವಿರ ರೂಪಾಯಿ ಮುಂಗಡ ಕೊಟ್ಟಾಯಿತು. ಕಾಗದ ನೋಡಿದ್ದು ಮರುದಿನ. ನೋಂದಣಿ ಪತ್ರದಲ್ಲಿನ ಎಂಜಿನ್ ನಂಬರಿಗೂ ಎಂಜಿನ್ ಮೇಲಿನ ನಂಬರಿಗೂ ತಾಳೆಯಿಲ್ಲ. ದೋಣಿಯ ಮೇಲೆ ಸಾಲ ಬೇರೆ ಬಾಕಿ. ಮುಂಗಡ ವಾಪಸು ಬರಲಿಲ್ಲ. ಆದ್ದರಿಂದ ಒತ್ತಿ ಹೇಳುತ್ತೇವೆ: ಹಣ ಕೈಬಿಡುವ ಮೊದಲು ಮೂತಿಯ ಎರಡೂ ಬದಿಯಲ್ಲಿ ಬರೆದ ಐಎನ್‌ಡಿ-ಕೆಎ ಎಂದು ಶುರುವಾಗುವ ನಂಬರು, ಪತ್ರದಲ್ಲಿನ ಉದ್ದ ಅಗಲ, ಎಂಜಿನ್ ನಂಬರು, ಈ ಮೂರನ್ನೂ ನಿಂತ ಜಾಗದಲ್ಲೇ ತಾಳೆ ನೋಡಿ. ಟೇಪು ಹಿಡಿದು ಅಳೆಯಿರಿ. ಸಾಲ ತೀರಿದ ಪತ್ರವನ್ನು ಸೊಸೈಟಿ ಅಥವಾ ಬ್ಯಾಂಕಿನಿಂದ ಮಾರುವವರೇ ತಂದುಕೊಡಲಿ. ಮೀನುಗಾರಿಕೆ ಇಲಾಖೆಯಲ್ಲಿ ಹೆಸರು ಬದಲಾಗದೆ ಸೀಮೆಎಣ್ಣೆ ಪರ್ಮಿಟ್ ನಿಮ್ಮದಾಗುವುದಿಲ್ಲ. ಬರೀ ದೋಣಿ ಸಿಕ್ಕಿ ಪರ್ಮಿಟ್ ಸಿಗದಿದ್ದರೆ ಪ್ರತಿ ಲೀಟರಿಗೂ ಪೇಟೆಯ ದರ ತೆರಬೇಕು.

ತದಡಿಯಲ್ಲಿ ಕೊಳ್ಳುವಂಥದ್ದು ಏನೂ ಸಿಗಲಿಲ್ಲ. ಅಘನಾಶಿನಿಯ ಇಳಿತದಲ್ಲಿ ಹೆಂಗಸರು ಬಳಚು (ಚಿಪ್ಪುಮೀನು) ಹೆಕ್ಕುತ್ತಿದ್ದರು, ಮಧ್ಯಾಹ್ನ ಊಟಕ್ಕೆ ಅದರ ಸುಕ್ಕ ಸಿಕ್ಕಿತು. ಈ ಪ್ರವಾಸದ ಅತಿ ಒಳ್ಳೆಯ ಊಟ ಅದೇ. ಹೊಳೆಯಲ್ಲಿ ಮರದ ಪಾತಿ ದೋಣಿಗಳು ಇನ್ನೂ ಓಡಾಡುತ್ತಿದ್ದವು. ಗೇರುಸಿಪ್ಪೆಯ ಎಣ್ಣೆ ಕುಡಿದು ಕಪ್ಪಾದ ಆ ಮೈ ಯಾವ ಫೈಬರ್ ದೋಣಿಗಿಂತಲೂ ಚೆಂದ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ಬೀಳದಿರಲು ಆ ಎಣ್ಣೆಯನ್ನು ಮತ್ತೆ ಮತ್ತೆ ಬಳಿಯುತ್ತಲೇ ಇರಬೇಕು. ಅಷ್ಟು ಕೈಕೆಲಸಕ್ಕೆ ಪುರುಸೊತ್ತಿರುವವರು ಅದನ್ನೇ ಕೊಳ್ಳಲಿ.

ನಾಲ್ಕನೆಯ ದಿನ ಗಂಗೊಳ್ಳಿಗೆ ಮರಳಿದೆವು, ಹಳದಿ ದೋಣಿಗಾಗಿ. ಹಿಂಬದಿಯ ಹಲಗೆಯಿಂದ ಬಂದ ಪುಡಿ ಒಣಗಿತ್ತು, ಬೆರಳಿಗೆ ಅಂಟಲಿಲ್ಲ. ಹಲಗೆಯ ಎತ್ತರ 20 ಇಂಚು, ಹಾಗಾಗಿ ಉದ್ದ ಕಾಲಿನ ಎಂಜಿನ್ ಬೇಕು. 15 ಇಂಚಿನದು ಹಾಕಿದರೆ ಪಂಕ ಗಾಳಿ ಹೀರಿ ಸುಮ್ಮನೆ ಕೂಗುತ್ತದೆ. ಏಣಿನ ರಿಪೇರಿಗೆ ಹಿರಿಯರು ಹಾಕಿದ ಲೆಕ್ಕ: 7 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, ಚದರ ಮೀಟರಿಗೆ 450 ಗ್ರಾಮಿನ ಮ್ಯಾಟ್ ಮೂರು ಪದರ. ಮ್ಯಾಟ್ ಸುಮಾರು 3 ಕಿಲೋ, ರೆಸಿನ್ ಅದರ ಎರಡೂವರೆ ಪಟ್ಟು. ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ಕಿಲೋ ರೆಸಿನ್‌ಗೆ 10ರಿಂದ 15 ಮಿಲಿಲೀಟರ್. ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಮೊದಲು ರೆಸಿನ್‌ಗೆ ಸೇರಿ ಚೆನ್ನಾಗಿ ಕದಡಬೇಕು, ಹಾರ್ಡನರ್ ಆಮೇಲೆ. ಅವೆರಡೂ ನೇರವಾಗಿ ಒಂದಕ್ಕೊಂದು ತಾಗಿದರೆ ಸಿಡಿಯುತ್ತವೆ. ಮೊದಲ ಮಳೆಗೆ ಮುಂಚೆ ಕೆಲಸ ಮುಗಿಯಬೇಕು, ತೇವಕ್ಕೆ ಪದರ ಹಿಡಿಯುವುದಿಲ್ಲ.

ರಿಪೇರಿಯ ನಂತರ ಹೊಳೆಗೆ ಇಳಿಸಿ, ಒಳಗನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಅಡಿಯುದ್ದಕ್ಕೂ ಸೀಮೆಸುಣ್ಣದ ಪುಡಿ ಉದುರಿಸಿದೆವು. ಎಲ್ಲಾದರೂ ಜಿನುಗಿದರೆ ಪುಡಿ ಅಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಬಲೆಯ ತೂಕಕ್ಕೆ ಮೂರು ಮರಳುಚೀಲ ಇಟ್ಟು, ಬಲೆ ಎಳೆಯುವ ಬದಿಗೆ ಇಬ್ಬರು ನಿಂತರು. ಅಂಚು ನೀರಿನಿಂದ ಒಂದು ಗೇಣಿಗೂ ಮೇಲೆ ಉಳಿಯಿತು. ಮೂರು ಗಂಟೆ ಕಳೆದು ಹಲಗೆ ಎತ್ತಿ ಟಾರ್ಚು ಬಿಟ್ಟಾಗ ಪುಡಿ ಹಾಕಿದಷ್ಟೂ ಬೆಳ್ಳಗೆ ಇತ್ತು. ಹಿರಿಯರು ಬಗ್ಗಿ ನೋಡಿ, ಹಿಂಬದಿಯ ನೀರು ಬಿಡುವ ತೂತಿನ ಬಿರಡೆಯನ್ನು ಒಮ್ಮೆ ಕಿತ್ತು, ತೂತಿನ ಒಳಗೋಡೆಯನ್ನು ಕಿರುಬೆರಳಿನಿಂದ ಸವರಿ, ರೆಸಿನ್ ಹಿಡಿದಿದೆ ಎಂದು ಖಚಿತವಾದ ಮೇಲೆ ಮತ್ತೆ ಬಿಗಿದರು.